ತಿರುಗಿದರಷ್ಟೆ ಸ್ಮೃತಿ

ಹಳೆಯ ವಸ್ತುವೊಂದನ್ನು ಗಾಜಿನ ಪೆಟ್ಟಿಗೆಯಲ್ಲಿರಿಸಿ, ಮುಟ್ಟಬಾರದೆಂಬ ಫಲಕವನ್ನು ತೂಗುಹಾಕಿದೊಡನೆ ಅದರ ರಕ್ಷಣೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ವಿಗ್ರಹಕ್ಕೂ ಶಾಸನಕ್ಕೂ ಈ ಕ್ರಮ ಸಾಲುತ್ತದೆ. ನಿಶ್ಚಲತೆಯೇ ಅವುಗಳ ಸ್ವಭಾವ. ಆದರೆ ಚಲನೆಯೇ ಪ್ರಾಣವಾಗಿರುವ ಯಂತ್ರಗಳಿಗೆ, ವಿಶೇಷವಾಗಿ ಹಳೆಯ ಕಂಪ್ಯೂಟರುಗಳ ಹಾರ್ಡ್ ಡಿಸ್ಕುಗಳಿಗೆ, ಅದೇ ಉಪಚಾರವನ್ನು ಸಲ್ಲಿಸುವುದು ಮರ್ಯಾದೆಯ ಶವಸಂಸ್ಕಾರವೇ ಹೊರತು ರಕ್ಷಣೆಯಲ್ಲ.

1980ರ ದಶಕದಲ್ಲಿ ಪ್ರಚುರವಾಗಿದ್ದ, 20 ಮೆಗಾಬೈಟುಗಳ ಸೀಗೇಟ್ ಎಸ್‌ಟಿ-225 ಎಂಬ ಡಿಸ್ಕನ್ನು ನೋಡಿ. ಅದರೊಳಗೆ ಕಾಂತಲೇಪನವುಳ್ಳ ಎರಡು ತಟ್ಟೆಗಳು ನಿಮಿಷಕ್ಕೆ 3,600 ಸುತ್ತು ಸುತ್ತುತ್ತವೆ. ತಟ್ಟೆಯ ಅಂಚು ಗಂಟೆಗೆ 80 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಧಾವಿಸುವಾಗ, ಅದರೊಡನೆ ಸೆಳೆದುಬರುವ ಗಾಳಿಯೇ ಹಾಸಾಗಿ, ಓದುಬರಹದ ಹೆಡ್ಡುಗಳನ್ನು ಕೂದಲೆಳೆಯ ದಪ್ಪದಲ್ಲಿ ನೂರರ ಒಂದು ಪಾಲಿನಷ್ಟು ಎತ್ತರದಲ್ಲಿ ತೇಲಿಸುತ್ತದೆ. ಬರಿಗಣ್ಣಿಗೆ ಕಾಣುವ ಯಾವ ಧೂಳಿನ ಕಣವೂ ಆ ಸಂದಿಯಲ್ಲಿ ಹಿಡಿಸದು. ಹೆಡ್ಡುಗಳನ್ನು ಸರಿಸುವ ಸ್ಟೆಪ್ಪರ್ ಮೋಟಾರಿಗಂತೂ ತಾನೆಲ್ಲಿರುವೆನೆಂದು ಕಂಡುಕೊಳ್ಳುವ ಕಣ್ಣಿಲ್ಲ. ಕತ್ತಲೆಯಲ್ಲಿ ಮೆಟ್ಟಿಲುಗಳನ್ನೆಣಿಸಿ ಮಹಡಿಯೇರುವವನಂತೆ, ಹೆಜ್ಜೆಯೆಣಿಸಿಯೇ ಅದು 615 ಪಥಗಳಲ್ಲಿ ತನಗೆ ಬೇಕಾದುದನ್ನು ಸೇರಬೇಕು. ಅಂಥ ಡಿಸ್ಕುಗಳಿಂದ ಕೇಳಿಬರುವ ಕೀಚುದನಿ ಈ ಎಣಿಕೆಯ ದನಿಯೇ. ಬಿಸಿಯೇರಿದ ಲೋಹ ಹಿಗ್ಗಿದರೆ ಎಣಿಕೆ ಸರಿಯಿದ್ದೂ ಪಥ ತಪ್ಪೀತೆಂದು, ಬಲ್ಲವರು ಡಿಸ್ಕು ಬೆಚ್ಚಗಾದ ಮೇಲೆಯೇ ಅದನ್ನು ಫಾರ್ಮ್ಯಾಟ್ ಮಾಡುತ್ತಿದ್ದರು. ಯಂತ್ರವನ್ನು ಆರಿಸುವ ಮುನ್ನ ಹೆಡ್ಡುಗಳನ್ನು ಬರಹವಿಲ್ಲದ ತಾಣಕ್ಕೊಯ್ದು ನಿಲ್ಲಿಸಲು 'ಪಾರ್ಕ್' ಎಂಬ ಆಜ್ಞೆಯನ್ನೂ ಕೊಡಬೇಕಾಗಿತ್ತು. ನಿಂತ ಡಿಸ್ಕನ್ನು ದಿಟ್ಟಿಸಿದವನಿಗೆ ಇದಾವುದೂ ಗೋಚರಿಸದು.

ಈ ಕುಲದ ಮೂಲಪುರುಷನಾದ, ರೆನಾಲ್ಡ್ ಜಾನ್ಸನ್ನರ ನೇತೃತ್ವದಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ರೂಪುಗೊಂಡು 1956ರಲ್ಲಿ ಪ್ರಕಟವಾದ ಐಬಿಎಂ ರಾಮ್ಯಾಕಿನಲ್ಲಿ, ಎರಡಡಿ ವ್ಯಾಸದ 50 ತಟ್ಟೆಗಳಿದ್ದರೂ ಧಾರಣಶಕ್ತಿ 50 ಲಕ್ಷ ಅಕ್ಷರಗಳಷ್ಟೆ. ಒಂದೇ ಜೊತೆ ಹೆಡ್ಡುಗಳು, ಕಪಾಟಿಗೆ ಏಣಿಯಿಟ್ಟು ಪುಸ್ತಕ ಅರಸುವ ಗ್ರಂಥಪಾಲಕನಂತೆ, ಮೇಲೆ ಕೆಳಗೆ ಸಂಚರಿಸಿ ಬೇಕಾದ ತಟ್ಟೆಯನ್ನು ಹೊಗುತ್ತಿದ್ದವು. ಮೌಂಟನ್ ವ್ಯೂ ನಗರದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನವರು ಅಂಥದೊಂದನ್ನು ಬರಿದೆ ಒರಸಿಡಲಿಲ್ಲ. ಜೀರ್ಣೋದ್ಧಾರಗೊಂಡ ಅದನ್ನು ಪ್ರೇಕ್ಷಕರೆದುರು ನಡೆಯಿಸಿ ತೋರಿಸಿದರು. ಹತ್ತು ಪುಟಗಳ ವಿವರಣೆ ಹೇಳಲಾರದುದನ್ನು ಆ ಹೆಡ್ಡುಗಳ ಒಂದು ಏರಿಳಿತ ಹೇಳುತ್ತದೆ.

ನಡೆಯಿಸಿದರೆ ಸವೆಯುವುದಿಲ್ಲವೆ ಎಂಬ ಆಕ್ಷೇಪವುಂಟು, ಮತ್ತು ಅದು ನ್ಯಾಯವಾದುದೇ. ಪ್ರತಿ ಆರಂಭದಲ್ಲಿಯೂ ಪ್ರತಿ ವಿರಾಮದಲ್ಲಿಯೂ ಹೆಡ್ಡು ತಟ್ಟೆಯನ್ನು ಉಜ್ಜುತ್ತದೆ. ಆದರೆ ಸುಮ್ಮನಿರಿಸಿದರೆ ಉಳಿಯುವುದೆಂಬ ನಂಬಿಕೆಯೂ ಭ್ರಾಂತಿ: ತಟ್ಟೆಗೆ ಹೆಡ್ಡು ಅಂಟಿಕೊಳ್ಳುತ್ತದೆ, ಬೇರಿಂಗಿನ ಜಿಡ್ಡು ಗಟ್ಟಿಯಾಗುತ್ತದೆ, ಕೆಲವು ಡಿಸ್ಕುಗಳೊಳಗಿನ ರಬ್ಬರಿನ ತಡೆಗಳು ಕರಗಿ ಅಂಟಾಗುತ್ತವೆ. ಆದುದರಿಂದ ಬಹುಕಾಲದ ನಂತರದ ಮೊದಲ ಸುತ್ತು ಕೌತುಕಕ್ಕಲ್ಲ, ಪ್ರತಿಗಾಗಿ ಮೀಸಲಾಗತಕ್ಕದ್ದು. ಒಳಗಿನ ಬರಹವನ್ನೆಲ್ಲ ಬೇರೆಡೆಗೆ ಇಳಿಸಿಕೊಂಡ ಬಳಿಕ ಆ ಯಂತ್ರವನ್ನು ನೋಡುವವರಿಗಾಗಿ ಆಗಾಗ ತಿರುಗಿಸಿದರೆ ನಷ್ಟಭಯವಿಲ್ಲ.

ಇದು ದೂರದೇಶದ ಹವ್ಯಾಸಿಗಳ ಚಿಂತೆಯೆಂದು ಕನ್ನಡಿಗರು ಸುಮ್ಮನಿರುವಂತಿಲ್ಲ. 1905ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳ ಕೈಗೆ ಅರ್ಥಶಾಸ್ತ್ರದ ತಾಳೆಯೋಲೆ ದೊರೆತಾಗ, ಅದನ್ನು ಓದಲು ಅವರಿಗೆ ಕಣ್ಣು ಮತ್ತು ವಿದ್ವತ್ತುಗಳೆರಡೇ ಸಾಕಾದವು. ಯೂನಿಕೋಡಿಗೆ ಮುಂಚಿನ ಕಾಲದಲ್ಲಿ ನಮ್ಮ ಅಚ್ಚುಕೂಟಗಳಲ್ಲಿ ಕಂಪ್ಯೂಟರಿನ ಮೂಲಕ ಜೋಡಿಸಿದ ಕನ್ನಡ ಪುಟಗಳಿಗೆ ಆ ಭಾಗ್ಯವಿಲ್ಲ. ಅವುಗಳನ್ನು ಹೊತ್ತ ಡಿಸ್ಕು ತಿರುಗಬೇಕು, ಅದಕ್ಕೊಪ್ಪುವ ಕಂಟ್ರೋಲರ್ ಕಾರ್ಡು ಸಿಗಬೇಕು, ಸಾಲದುದಕ್ಕೆ ಆ ಕಾಲದ ಫಾಂಟಿನ ಸಂಕೇತವೂ ತಿಳಿದಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಅಕ್ಷರವೆಂಬುದು ಹೆಸರಿಗೆ ವಿರುದ್ಧವಾಗಿ ಕ್ಷರವಾಗುತ್ತದೆ.

ಹೀಗಿರುವಾಗ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ಗುಜರಿಯವನ ತಕ್ಕಡಿಗೆ ಹಾಕುವ ಮುನ್ನ ಬಲ್ಲವರೊಬ್ಬರನ್ನು ಕರೆಯಿಸಿ ತೋರಿಸುವುದು ಗೃಹಸ್ಥರ ಕೆಲಸ. ಅಂಥ ಡಿಸ್ಕುಗಳಿಂದ ಬರಹವನ್ನು ಎತ್ತಿಕೊಡಬಲ್ಲ ಸುಸಜ್ಜಿತವಾದ ಮೇಜೊಂದನ್ನು ಇರಿಸುವುದು ವಿಶ್ವವಿದ್ಯಾನಿಲಯಗಳ, ವಸ್ತುಸಂಗ್ರಹಾಲಯಗಳ ಕೆಲಸ. ಅಂದಿನವರು ಕೈ ತೆಗೆಯುವ ಮೊದಲು ಹೆಡ್ಡುಗಳನ್ನು ಕ್ಷೇಮವಾದ ಎಡೆಗೆ ಸೇರಿಸುವಷ್ಟು ತಾಳ್ಮೆಯನ್ನಾದರೂ ತೋರಿದ್ದರು. ಅವರ ಬರಹದ ವಿಷಯದಲ್ಲಿ ನಾವು ಅಷ್ಟನ್ನಾದರೂ ತೋರಬೇಡವೆ?