ಅರಿವಿನ ಮುಯ್ಯಾಳು

ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯ ಬೇಸಾಯಗಾರರಿಗೆ ಮುಯ್ಯಾಳು ಎಂಬ ಮಾತು ಹೊಸದಲ್ಲ. ಕೊಯ್ಲಿನ ಕಾಲದಲ್ಲಿ ಇಂದು ಒಬ್ಬನ ಹೊಲಕ್ಕೆ ಹತ್ತು ಮನೆಯವರು ಇಳಿಯುವರು. ನಾಳೆ ಅವನು ಆ ಹತ್ತು ಹೊಲಗಳಿಗೂ ಹೋಗಿ ದುಡಿದು ಋಣ ತೀರಿಸುವನು. ಕೂಲಿಗೆ ಹಣವಿಲ್ಲದವನ ಬೆಳೆಯೂ ಹೊತ್ತಿಗೆ ಸರಿಯಾಗಿ ಕಣ ಸೇರುವುದು. ಹಳ್ಳಿಗರ ಈ ವಿವೇಕವೇ ವಿಜ್ಞಾನದ ಒಂದು ಸೂಕ್ಷ್ಮ ಕ್ಷೇತ್ರದಲ್ಲಿ ಹೊಸ ರೂಪ ತಾಳಿದೆ.

ಔಷಧವೊಂದು ದೇಹದಲ್ಲಿ ಹೇಗೆ ವರ್ತಿಸುವುದೆಂದು ತಿಳಿಯಲು ಪ್ರೋಟೀನು ಅಣುಗಳ ಚಲನೆಯನ್ನು ಅರಿಯಬೇಕು. ಅದನ್ನು ಗಣಕಯಂತ್ರದಲ್ಲಿ ಲೆಕ್ಕದ ಮೂಲಕ ಅನುಕರಿಸಿ ನೋಡುವ ವಿಧಾನವಿದೆ. ಪ್ರತಿಯೊಂದು ಪರಮಾಣುವಿನ ಮೇಲಿನ ಬಲವನ್ನು ಎಣಿಸಿ, ಅದನ್ನು ಒಂದು ಹೆಜ್ಜೆ ಮುಂದೆ ಸರಿಸಬೇಕು. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಭಾಗ ಮಾಡಿದರೆ, ಆ ಹೆಜ್ಜೆಯ ಕಾಲ ಅದರಲ್ಲಿ ಒಂದೆರಡು ಭಾಗ ಮಾತ್ರ! ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನ ಚಲನೆಯನ್ನು ಕಾಣಲು ಕೋಟ್ಯಂತರ ಹೆಜ್ಜೆಗಳು ಬೇಕು. ಒಂದೇ ಯಂತ್ರಕ್ಕೆ ಇದು ಮಿತಿಮೀರಿದ ಹೊರೆ.

ಆದುದರಿಂದ ಹಲವು ಯಂತ್ರಗಳನ್ನು ಜಾಲದಿಂದ ಜೋಡಿಸುವ ಮಾರ್ಗ ಹುಟ್ಟಿತು. ಒಂದು ಹೆಜ್ಜೆ ಮುಗಿಯದೆ ಮುಂದಿನದನ್ನು ಇಡಲಾಗದು, ನಿಜ. ಆದರೆ ಅಣುವನ್ನು ಬೇರೆ ಬೇರೆ ಸ್ಥಿತಿಗಳಿಂದ ಹೊರಡಿಸಿ, ಒಂದೊಂದು ಓಟವನ್ನು ಒಂದೊಂದು ಯಂತ್ರಕ್ಕೆ ಒಪ್ಪಿಸಿ, ಫಲವನ್ನೆಲ್ಲ ಒಂದೇ ಕಣದಲ್ಲಿ ರಾಶಿ ಮಾಡಬಹುದು. 2000ದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ‘ಫೋಲ್ಡಿಂಗ್ ಅಟ್ ಹೋಮ್’ ಯೋಜನೆಗೆ ಜನಸಾಮಾನ್ಯರು ತಮ್ಮ ಮನೆಯ ಯಂತ್ರಗಳ ಬಿಡುವನ್ನು ದಾನವಿತ್ತರು. 2020ರ ಕೊರೋನಾ ಸಂಕಟದಲ್ಲಿ ಲಕ್ಷಾಂತರ ಯಂತ್ರಗಳು ಕೂಡಿ ಆ ವೈರಾಣುವಿನ ಪ್ರೋಟೀನುಗಳ ಚಲನೆಯನ್ನು ಎಣಿಸಿದುವು. ಭಾರತದಲ್ಲಿಯೂ ಸಿ-ಡ್ಯಾಕ್ ಸಂಸ್ಥೆಯ ‘ಗರುಡ’ ಜಾಲವು 17 ನಗರಗಳ ಸಂಸ್ಥೆಗಳನ್ನು ಬೆಸೆದಿತ್ತು.

ದುಡಿಮೆಯನ್ನು ಹಂಚಿಕೊಂಡರೆ ಸಾಲದು, ಫಲವನ್ನೂ ಹಂಚಿಕೊಳ್ಳಬೇಕು. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅರಿವೂ ಹಾಗೆಯೇ ಹರಿಯಬೇಕು. 1971ರಲ್ಲಿ ಕೇವಲ ಏಳು ಅಣುರಚನೆಗಳಿಂದ ಆರಂಭವಾದ ‘ಪ್ರೋಟೀನ್ ಡೇಟಾ ಬ್ಯಾಂಕ್’ ಎಂಬ ಭಂಡಾರದಲ್ಲಿ 2023ರ ವೇಳೆಗೆ ಎರಡು ಲಕ್ಷಕ್ಕೂ ಮಿಗಿಲಾದ ರಚನೆಗಳು ಸೇರಿದುವು. ಅಲ್ಲಿಂದ ಪಡೆಯಲು ಯಾರೂ ಕಾಸು ತೆರಬೇಕಿಲ್ಲ. 2024ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ ಡೆಮಿಸ್ ಹಸ್ಸಾಬಿಸ್, ಜಾನ್ ಜಂಪರ್ ಅವರ ‘ಆಲ್ಫಾಫೋಲ್ಡ್’ ಪ್ರೋಟೀನಿನ ಆಕಾರವನ್ನು ಊಹಿಸಲು ಕಲಿತುದು ಈ ಭಂಡಾರದಿಂದಲೇ.

“ಬೆವರು ಸುರಿಸಿ ಪಡೆದುದನ್ನು ಅನ್ಯರಿಗೇಕೆ ಕೊಡಬೇಕು?” ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕೊಟ್ಟವರ ಹೆಸರನ್ನು ಮರೆಮಾಚುವುದು ಕಳ್ಳತನ. ಮುಯ್ಯಿ ತೀರಿಸದಿರುವುದು ದ್ರೋಹ. ಎಣಿಸಿದ ಬಗೆಯನ್ನು ಬರೆದಿಡದೆ ಸುರಿದ ಅಂಕಿಗಳು ಕೆರೆಗೆ ನೀರಲ್ಲ, ಹೂಳು. ಈ ಕಟ್ಟುಪಾಡುಗಳು ಇರಲೇಬೇಕು. ಆದರೆ ಬೀಗ ಹಾಕಿದ ಅರಿವಿನಿಂದ ಒಬ್ಬರು ಮಾಡಿದ ಲೆಕ್ಕವನ್ನೇ ಇನ್ನೊಬ್ಬರು ಮಾಡಬೇಕಾಗುತ್ತದೆ; ಅದರೊಳಗಿನ ತಪ್ಪು ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ‘ಪರಮ್ ಪ್ರವೇಗ’ ಎಂಬ ಮಹಾಗಣಕ ನೆಲೆಗೊಂಡಿತು. ಅದೇ ಸಂಸ್ಥೆಯ ಎರಡನೆಯ ಆವರಣ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿದೆ. ಅಂಥ ಯಂತ್ರವನ್ನು ಊರೂರೂ ಕೊಳ್ಳಲಾರದು, ಕೊಳ್ಳಬೇಕಾದುದೂ ಇಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣೀವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. ಕಾಲುವೆಗಳಿಲ್ಲದಿದ್ದರೆ ಆ ನೀರು ನೋಡುವವರ ಕಣ್ಣಿಗೆ ಮಾತ್ರ ತಂಪಾಗುತ್ತಿತ್ತು, ಹೊಲಕ್ಕೆ ತಂಪಾಗುತ್ತಿರಲಿಲ್ಲ. ಅರಿವಿಗೂ ಕಾಲುವೆ ಬೇಕು. ಹಿರಿಯೂರಿನ ಬಾಲಕಿಯೊಬ್ಬಳು ಶಾಲೆಯ ಗಣಕಯಂತ್ರದಲ್ಲಿ ಲೋಕದ ಭಂಡಾರವನ್ನು ತೆರೆದು ಅಣುವೊಂದನ್ನು ಕಣ್ಣಾರೆ ಕಾಣುವಂತಾಗಬೇಕು. ಇಂದು ಪಡೆದ ಅವಳು ನಾಳೆ ಕೊಡುವವಳೂ ಆದಾಗಲೇ ಮುಯ್ಯಿ ಸಲ್ಲುತ್ತದೆ.