ನಮ್ಮೂರನ್ನು ನಾವು ನೋಡಿದ್ದೇವೆಯೇ?

ದೂರದ ಪುಣ್ಯಕ್ಷೇತ್ರಗಳಿಗೆ ಕುಟುಂಬಸಮೇತ ಯಾತ್ರೆ ಹೋಗುವ ಸತ್ಸಂಪ್ರದಾಯ ನಮ್ಮ ಕಥೋಲಿಕ ಮನೆಗಳಲ್ಲಿದೆ. ವೇಲಾಂಕಣಿಗೆ ಹೊರಡುವುದಕ್ಕೆ ತಿಂಗಳುಗಳ ಮೊದಲೇ ರೈಲಿನ ಟಿಕೆಟು ಕಾಯ್ದಿರಿಸುತ್ತೇವೆ. ಗೋವೆಗೆ ಹೋಗಿ ಸಂತ ಫ್ರಾನ್ಸಿಸ್ ಝೇವಿಯರರ ದೇವಾಲಯದಲ್ಲಿ ಪ್ರಾರ್ಥಿಸಿ ಬರುತ್ತೇವೆ. ಬೇಸಗೆಯ ರಜೆಯಲ್ಲಿ ಮಕ್ಕಳಿಗೆ ಮೈಸೂರಿನ ಅರಮನೆಯನ್ನೂ ಹೈದರಾಬಾದಿನ ಚಾರ್‌ಮಿನಾರನ್ನೂ ತೋರಿಸುತ್ತೇವೆ. ಇವೆಲ್ಲವೂ ಒಳ್ಳೆಯದೇ. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಎಷ್ಟು ಮಂದಿ ಮಕ್ಕಳ ಕೈ ಹಿಡಿದು ಮಳಖೇಡದ ಕೋಟೆಯ ಬಾಗಿಲನ್ನು ದಾಟಿದ್ದಾರೆ? ಎಷ್ಟು ಮಂದಿ ನಾಗಾವಿಯ ಕಂಬಗಳ ನಡುವೆ ನಿಂತಿದ್ದಾರೆ? ಈ ಪ್ರಶ್ನೆಯನ್ನು ಪ್ರತಿಯೊಂದು ಮನೆಯೂ ತನಗೆ ತಾನೇ ಹಾಕಿಕೊಳ್ಳುವುದು ಒಳಿತು.

ಪ್ರವಾಸವನ್ನು ಕೇವಲ ವಿನೋದವೆಂದು ಭಾವಿಸುವವರಿಗೆ ಈ ಪ್ರಶ್ನೆ ಅಷ್ಟೇನೂ ಗಂಭೀರವೆನಿಸದು. ಆದರೆ ಇದು ವಿನೋದದ ಮಾತಲ್ಲ. ನಮ್ಮಲ್ಲಿ ಹಲವು ಕುಟುಂಬಗಳು ರೈಲ್ವೆಯ ಕೆಲಸಕ್ಕೆ, ಸಿಮೆಂಟ್ ಕಾರ್ಖಾನೆಯ ದುಡಿಮೆಗೆ, ಶಾಲೆ ಆಸ್ಪತ್ರೆಗಳ ಸೇವೆಗೆ ಹೊರಗಿನಿಂದ ಬಂದು ಇಲ್ಲಿ ನೆಲೆ ನಿಂತವು. ಅಂಥ ಮನೆಗಳ ಮೂರನೆಯ ತಲೆಮಾರು ಇಲ್ಲಿಯೇ ಹುಟ್ಟಿ, ಇಲ್ಲಿಯ ಜೋಳದ ರೊಟ್ಟಿ, ಶೇಂಗಾ ಹಿಂಡಿ ಉಂಡು ಬೆಳೆದಿದ್ದರೂ, ‘ನಿಮ್ಮ ಊರು ಯಾವುದು?’ ಎಂದು ಯಾರಾದರೂ ಕೇಳಿದರೆ ಅಜ್ಜನ ಊರಿನ ಹೆಸರನ್ನೇ ಹೇಳುತ್ತದೆ. ಇಲ್ಲಿಯ ಮಣ್ಣಿನಲ್ಲೇ ಹುಟ್ಟಿ ಬೆಳೆದ ಮನೆಗಳ ಮಕ್ಕಳಾದರೋ ‘ನಮ್ಮದು ಹಿಂದುಳಿದ ಪ್ರದೇಶ’ ಎಂದು ತಲೆ ತಗ್ಗಿಸಿ ಹೇಳುವುದನ್ನು ಕಲಿತಿದ್ದಾರೆ. ಎರಡೂ ಒಂದೇ ರೋಗದ ಲಕ್ಷಣಗಳು. ಮನೆಗೆ ಬಂದ ಅತಿಥಿಗೆ ಊರನ್ನು ಸುತ್ತಿ ತೋರಿಸಬಲ್ಲವನೇ ನಿಜವಾಗಿ ಆ ಊರಿನವನು. ಪಡಿತರ ಚೀಟಿಯಲ್ಲಿ ವಿಳಾಸವಿದ್ದ ಮಾತ್ರಕ್ಕೆ ಯಾರೂ ಊರಿನವರಾಗುವುದಿಲ್ಲ.

ಹಾಗಾದರೆ ತೋರಿಸುವುದಕ್ಕೆ ಏನಿದೆ? ಮೊದಲು ಸೇಡಂ ಪಟ್ಟಣವನ್ನೇ ನೋಡೋಣ. ತೊಗರಿಯ ಸುಗ್ಗಿಯಲ್ಲಿ ಬಂಡಿ, ಟ್ರ್ಯಾಕ್ಟರುಗಳು ಸಾಲುಗಟ್ಟುವ, ಅಡತಿ ಅಂಗಡಿಗಳ ಮುಂದೆ ಚೀಲಗಳ ರಾಶಿ ಬೀಳುವ ಈ ಮಾರುಕಟ್ಟೆಯ ಊರಿಗೆ ಶಾಸನಗಳಲ್ಲಿ ‘ಸೇಡಿಂಬ’ ಎಂಬ ಹೆಸರಿದೆ. 12ನೇ ಶತಮಾನದಲ್ಲಿ ಈ ಊರಿನ ಆಡಳಿತವನ್ನು ಮುನ್ನೂರು ಮಂದಿ ಮಹಾಜನರು ನಡೆಸುತ್ತಿದ್ದರು. ವೇದಾಧ್ಯಯನದಲ್ಲಿ ನಿರತರಾಗಿದ್ದ ಆ ಬ್ರಾಹ್ಮಣ ಮಹಾಜನರೇ ಇಲ್ಲಿ ಜೈನ ತೀರ್ಥಂಕರನಾದ ಶಾಂತಿನಾಥನಿಗೆ ಬಸದಿಯನ್ನು ಕಟ್ಟಿಸಿ ಭೂಮಿಯನ್ನು ದತ್ತಿ ಬಿಟ್ಟರೆಂದು ಶಾಸನವು ಸಾರುತ್ತದೆ. ಒಂದು ಮತದವರು ಇನ್ನೊಂದು ಮತದವರಿಗೆ ದೇವಮಂದಿರವನ್ನು ಕಟ್ಟಿಕೊಟ್ಟ ಊರು ಇದು. ವಾರದ ಸಂತೆಗೆ ಹೋಗಿ ಕಾಯಿಪಲ್ಲೆ ಕೊಂಡು ಹಿಂತಿರುಗುವ ನಮಗೆ ಈ ಸಂಗತಿ ತಿಳಿದಿದ್ದರೆ ಆ ಬೀದಿಗಳೇ ಬೇರೆಯಾಗಿ ಕಾಣಲಾರವೇ?

ಸೇಡಂನಿಂದ ಕಲಬುರಗಿಯತ್ತ ಹೋಗುವ ರಸ್ತೆಯಲ್ಲಿ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆ. ಇಂದು ಒಂದು ಗ್ರಾಮ. ಅಂದು ಮಾನ್ಯಖೇಟವೆಂಬ ರಾಷ್ಟ್ರಕೂಟ ಸಾಮ್ರಾಜ್ಯದ ರಾಜಧಾನಿ. ಕ್ರಿ.ಶ. 814ರಲ್ಲಿ ಬಾಲಕನಾಗಿಯೇ ಪಟ್ಟವೇರಿದ ಅಮೋಘವರ್ಷ ನೃಪತುಂಗನು ಆರು ದಶಕಗಳಿಗೂ ಮೀರಿ ಆಳಿದನು. ದೊರೆತಿರುವ ಕನ್ನಡ ಕೃತಿಗಳಲ್ಲಿ ಅತ್ಯಂತ ಹಳೆಯದಾದ ‘ಕವಿರಾಜಮಾರ್ಗ’ವು ಅವನ ಆಸ್ಥಾನದಲ್ಲಿ ರಚಿತವಾಯಿತು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು ಸಾರಿದ ಕೃತಿ ಅದು. ಗಣಿತಶಾಸ್ತ್ರಜ್ಞನಾದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇದೇ ದೊರೆಯನ್ನು ಕೊಂಡಾಡಿದ್ದಾನೆ. ಕ್ರಿ.ಶ. 851ರ ಅರಬ್ಬೀ ವೃತ್ತಾಂತವೊಂದು ‘ಬಲ್ಹರಾ’ ಎಂಬ ಹೆಸರಿನಿಂದ ಈ ರಾಜನನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿ, ಅರಬರ ಬಗೆಗೆ ಆತನಿಗಿದ್ದ ಸ್ನೇಹಭಾವವನ್ನೂ ನೆನೆದಿದೆ. 972ರಲ್ಲಿ ಪರಮಾರ ದೊರೆ ಸೀಯಕನು ನಗರವನ್ನು ಸೂರೆಗೊಂಡ ಮೇಲೆ ಆ ವೈಭವ ಮರಳಿ ಬರಲಿಲ್ಲ. ಈಗ ಅಲ್ಲಿ ಕೋಟೆಯ ಗೋಡೆ ಬುರುಜುಗಳಿವೆ, ನೇಮಿನಾಥ ಬಸದಿಯಿದೆ, ಉತ್ತರಾದಿ ಮಠದ ಕ್ಷೇತ್ರವಿದೆ. ‘ಹಿಂದುಳಿದವರು’ ಎಂಬ ಹಣೆಪಟ್ಟಿಯನ್ನು ಹೊತ್ತ ಮಗುವೊಂದು ಆ ಬುರುಜಿನ ಕೆಳಗೆ ನಿಂತು ಈ ಕಥೆಯನ್ನು ಕೇಳಿದರೆ ಅದರ ಎದೆಯಲ್ಲಿ ಏನು ಮೂಡೀತೆಂಬುದನ್ನು ಹಿರಿಯರು ಊಹಿಸಬಲ್ಲರು.

ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿ ಇದೆ. ಯಲ್ಲಮ್ಮನ ಜಾತ್ರೆಯಿಂದ ಅದು ಎಲ್ಲರಿಗೂ ಪರಿಚಿತ. ಆದರೆ ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಕ್ರಿ.ಶ. 1058ರಲ್ಲಿ, ಇಲ್ಲಿ ಘಟಿಕಾಸ್ಥಾನವೊಂದು ನಡೆಯುತ್ತಿತ್ತೆಂಬುದು ಎಷ್ಟು ಜನರಿಗೆ ಗೊತ್ತು? ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಊಟವಸತಿಗಳೊಡನೆ ಇಲ್ಲಿ ಓದುತ್ತಿದ್ದರು. ಗ್ರಂಥಗಳನ್ನು ಕಾಯ್ದುಕೊಳ್ಳಲು ‘ಸರಸ್ವತೀ ಭಂಡಾರಿಗ’ರು ನೇಮಕಗೊಂಡಿದ್ದರು. ಶಾಲೆಗಳನ್ನು ನಡೆಸುವುದೇ ತಮ್ಮ ಸೇವೆಯೆಂದು ನಂಬಿದ ನಮ್ಮ ಸಮುದಾಯಕ್ಕೆ ಇದಕ್ಕಿಂತ ಹತ್ತಿರದ ವಿಷಯ ಬೇರೊಂದುಂಟೇ? ಇನ್ನೂ ಮುಂದೆ, ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲು ಸಾಮ್ರಾಟ ಅಶೋಕನ ಶಾಸನವೆಂದು ತಿಳಿದುಬಂದಿತು. ಸಮೀಪದ ಕನಗನಹಳ್ಳಿಯ ಬೌದ್ಧ ಸ್ತೂಪದ ಉತ್ಖನನದಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಕೊರೆದ ಅಶೋಕನ ಶಿಲ್ಪವೇ ಲಭಿಸಿತು. ಚಿಂಚೋಳಿಯವರಿಗಾದರೋ 2011ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಕಾಡು ಮನೆಯಂಗಳದಲ್ಲೇ ಇದೆ.

ಹೊರದೇಶಗಳಲ್ಲಿ ಇಂಥ ಸಣ್ಣ ಊರುಗಳನ್ನು ಜನರು ಹೇಗೆ ಕಾಣುತ್ತಾರೆಂಬುದಕ್ಕೆ ಒಂದು ನಿದರ್ಶನ ಸಾಕು. ಉತ್ತರ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ, ಟೈನ್ ನದಿಯ ದಂಡೆಯಲ್ಲಿ, ಹೆಕ್ಸಮ್ ಎಂಬ ಸಂತೆಯ ಊರೊಂದಿದೆ. ಜನಸಂಖ್ಯೆಯಲ್ಲಿ ಅದು ನಮ್ಮ ಸೇಡಂಗಿಂತಲೂ ಚಿಕ್ಕದು. ಏಳನೇ ಶತಮಾನದಲ್ಲಿ ಸಂತ ವಿಲ್‌ಫ್ರಿಡರು ಅಲ್ಲಿ ದೇವಾಲಯವನ್ನು ಕಟ್ಟಿಸಿದಾಗ, ಹತ್ತಿರದ ಹಾಳುಬಿದ್ದ ರೋಮನ್ ಕಟ್ಟಡಗಳ ಕಲ್ಲುಗಳನ್ನೇ ತಂದು ನೆಲಮಾಳಿಗೆಯನ್ನು ನಿರ್ಮಿಸಿದರು. ಆ ನೆಲಮಾಳಿಗೆ ಇಂದಿಗೂ ಉಳಿದಿದೆ. ಫ್ಲಾವಿನಸ್ ಎಂಬ ಇಪ್ಪತ್ತೈದರ ಹರೆಯದ ರೋಮನ್ ಸವಾರನ ಸಮಾಧಿಶಿಲೆ 1881ರಲ್ಲಿ ಅಲ್ಲಿ ಪತ್ತೆಯಾಗಿ, ಈಗ ದೇವಾಲಯದ ಒಳಗೇ ನಿಂತಿದೆ. ಆ ಸವಾರ ಕ್ರೈಸ್ತನಲ್ಲ. ಅದನ್ನು ಉಳಿಸಿಕೊಂಡ ಜನ ರೋಮನರಲ್ಲ. ಹದಿನಾರನೇ ಶತಮಾನದಿಂದೀಚೆಗೆ ಆ ದೇವಾಲಯವೂ ಕಥೋಲಿಕರ ಕೈಯಲ್ಲಿಲ್ಲ. ಆದರೂ ಎಲ್ಲರೂ ಅದನ್ನು ‘ನಮ್ಮದು’ ಎನ್ನುತ್ತಾರೆ. ಸನ್ನತಿಯಲ್ಲಿ ಅಶೋಕನ ಕಲ್ಲು ಕಾಳಿಯ ಪೀಠವಾದದ್ದಕ್ಕೂ ಹೆಕ್ಸಮಿನಲ್ಲಿ ರೋಮನರ ಕಲ್ಲು ದೇವಾಲಯದ ಗೋಡೆಯಾದದ್ದಕ್ಕೂ ಭೇದವೇನು? ಕಲ್ಲುಗಳು ಒಂದೇ ರೀತಿಯವು. ನೋಡುವ ಕಣ್ಣುಗಳಲ್ಲಿ ಮಾತ್ರ ಅಂತರವಿದೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕಾಗುತ್ತದೆ. ‘ಇವೆಲ್ಲ ಅನ್ಯಮತೀಯರ ಗುಡಿ ಬಸದಿಗಳು, ನಮಗೇಕೆ?’ ಎಂದು ಕೇಳುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಆತಂಕವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ನೋಡಿ ತಿಳಿಯುವುದು ಬೇರೆ, ಪೂಜಿಸುವುದು ಬೇರೆ. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆಯು ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿಯೇ ಸ್ಪಷ್ಟಪಡಿಸಿತು. ಅದಕ್ಕೂ ಮುನ್ನವೇ, ಸ್ಪೇನ್ ದೇಶದಿಂದ ಬಂದ ಯೇಸುಸಭೆಯ ಗುರು ಹೆನ್ರಿ ಹೆರಾಸರು 1926ರಲ್ಲಿ ಮುಂಬಯಿಯ ಸಂತ ಝೇವಿಯರ್ ಕಾಲೇಜಿನಲ್ಲಿ ಭಾರತೀಯ ಇತಿಹಾಸ ಸಂಶೋಧನೆಯ ಸಂಸ್ಥೆಯನ್ನು ಸ್ಥಾಪಿಸಿ, ವಿಜಯನಗರದ ಅರವೀಡು ವಂಶದ ಚರಿತ್ರೆಯನ್ನು ಬರೆದರು. ಹೊರದೇಶದ ಒಬ್ಬ ಗುರುವಿಗೆ ಈ ನೆಲದ ಚರಿತ್ರೆ ತನ್ನದೆನಿಸಿದ್ದರೆ, ಇಲ್ಲಿಯೇ ಹುಟ್ಟಿದ ನಮಗೆ ಅದು ಪರಕೀಯವಾಗುವುದು ಹೇಗೆ?

ಇನ್ನೊಂದು ಆಕ್ಷೇಪಣೆ ಸೌಕರ್ಯಗಳದ್ದು. ನೆರಳಿಲ್ಲ, ಶೌಚಾಲಯವಿಲ್ಲ, ವಿವರ ಹೇಳುವವರಿಲ್ಲ ಎಂಬ ಮಾತು ಬಹಳ ಮಟ್ಟಿಗೆ ನಿಜ. ಆದರೆ ಜನರು ಹೋಗದ ಕಡೆಗೆ ಸೌಕರ್ಯವೂ ಬಾರದು. ಹತ್ತು ಕುಟುಂಬಗಳು ಹೋಗಿ ಬಂದು ತಾಲ್ಲೂಕು ಆಡಳಿತಕ್ಕೂ ಪುರಾತತ್ತ್ವ ಇಲಾಖೆಗೂ ಸಹಿ ಹಾಕಿ ಬರೆದರೆ ಅದಕ್ಕೊಂದು ತೂಕವಿರುತ್ತದೆ. ಖರ್ಚಿನ ಮಾತಾದರೆ, ವೇಲಾಂಕಣಿಯ ಯಾತ್ರೆಗೆ ತಗಲುವ ಹಣದ ಅಲ್ಪಾಂಶವೂ ಇದಕ್ಕೆ ಬೇಡ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ನಿಜಾಮರ ಕಾಲದಲ್ಲಿ ಆರಂಭವಾದ ರೈಲುಮಾರ್ಗವೇ ಚಿತ್ತಾಪುರ, ಸೇಡಂಗಳನ್ನು ಹಾದುಹೋಗುತ್ತದೆ. ದಾರಿಯಲ್ಲಿ ‘ಮಳಖೇಡ ರೋಡ್’ ಎಂಬ ನಿಲ್ದಾಣವಿದ್ದರೂ ಊರು ಅಲ್ಲಿಂದ ದೂರವಾದುದರಿಂದ ಮಳಖೇಡಕ್ಕೆ ಬಸ್ಸಿನಲ್ಲಿ ಹೋಗುವುದು ಲೇಸು. ಮಳೆಗಾಲದಲ್ಲಿ ಕಾಗಿಣಾ ಉಕ್ಕಿ ಹರಿಯುವುದುಂಟು, ಬೇಸಗೆಯ ಬಿಸಿಲು ಮಕ್ಕಳಿಗೆ ಸಲ್ಲದು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಯೋಗ್ಯ.

ತಡಮಾಡುವುದಕ್ಕೆ ಅವಕಾಶವಿಲ್ಲವೆಂಬುದನ್ನೂ ಹೇಳಬೇಕು. ನಮ್ಮ ನೆಲದ ಸುಣ್ಣಕಲ್ಲು ನಮಗೆ ಅನ್ನ ಕೊಟ್ಟಿದೆ. ಶಹಾಬಾದಿ ಪರಸಿ ಎಷ್ಟೋ ಊರುಗಳ ಮನೆಗಳಿಗೆ ನೆಲಹಾಸಾಗಿದೆ, ಸಿಮೆಂಟು ನಾಡಿನ ಕಟ್ಟಡಗಳನ್ನು ಎತ್ತಿ ನಿಲ್ಲಿಸಿದೆ. ಕಲ್ಲನ್ನು ಕಡಿದು ಮಾರುವುದೇ ಬದುಕಾದ ನಾಡಿನಲ್ಲಿ, ಅಕ್ಷರವಿರುವ ಕಲ್ಲಿಗೂ ಅಕ್ಷರವಿಲ್ಲದ ಕಲ್ಲಿಗೂ ಭೇದ ತಿಳಿಯದಿದ್ದರೆ ಉಳಿಯುವುದೇನು? ಶಾಸನದ ಕಲ್ಲು ಬಟ್ಟೆ ಒಗೆಯುವ ಬಂಡೆಯಾಗುವುದು, ಕೆತ್ತನೆಯ ಕಂಬ ದನದ ಕೊಟ್ಟಿಗೆಯ ಆಧಾರವಾಗುವುದು ನಮ್ಮ ಹಳ್ಳಿಗಳಲ್ಲಿ ಅಪರೂಪವೇನಲ್ಲ. ಒಮ್ಮೆ ಒಡೆದ ಶಾಸನವನ್ನು ಯಾವ ಕಾರ್ಖಾನೆಯೂ ಮತ್ತೆ ತಯಾರಿಸಿ ಕೊಡಲಾರದು. ಅಂಥ ಕಲ್ಲು ಕಂಡವರು ಅದಕ್ಕೆ ಎಣ್ಣೆ ಬಳಿಯದೆ, ಅದನ್ನು ಉಜ್ಜದೆ, ಸ್ಥಳದಿಂದ ಕದಲಿಸದೆ, ಒಂದು ಛಾಯಾಚಿತ್ರ ತೆಗೆದು ಇಲಾಖೆಗೆ ತಿಳಿಸಬೇಕು. ಕಲ್ಲಿನ ಬೆಲೆಯನ್ನು ಬಲ್ಲ ಕಣ್ಣುಗಳು ಹೆಚ್ಚಾದಷ್ಟೂ ಕಲ್ಲು ಸುರಕ್ಷಿತ.

ಆದುದರಿಂದ ನಮ್ಮ ಧರ್ಮಕೇಂದ್ರಗಳು ವರ್ಷಕ್ಕೊಂದು ಭಾನುವಾರವನ್ನು ಇದಕ್ಕಾಗಿ ಮೀಸಲಿಡಲಿ. ಬೆಳಗಿನ ಬಲಿಪೂಜೆಯ ನಂತರ ಬುತ್ತಿ ಕಟ್ಟಿಕೊಂಡು ಕುಟುಂಬಗಳು ಒಟ್ಟಾಗಿ ಹೊರಡಲಿ. ಊರಿನ ಚರಿತ್ರೆಯನ್ನು ಬಲ್ಲ ಶಿಕ್ಷಕರೊಬ್ಬರನ್ನು ಗೌರವದಿಂದ ಕರೆದೊಯ್ಯಲಿ. ನೆರೆಮನೆಯ ಹಿಂದೂ, ಮುಸ್ಲಿಮ್ ಬಾಂಧವರನ್ನೂ ಆಮಂತ್ರಿಸಲಿ. ಜ್ಞಾನೋಪದೇಶದ ಮಕ್ಕಳು ನೋಡಿದ್ದನ್ನು ಮನೆಗೆ ಬಂದು ಒಂದು ಪುಟ ಬರೆಯಲಿ. ಆರಾಧನೆ ನಡೆಯುವ ಕಡೆ ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಮೌನದಿಂದಿರುವುದನ್ನೂ, ಕೋಟೆಯ ಗೋಡೆಯ ಮೇಲೆ ಹೆಸರು ಕೆತ್ತದಿರುವುದನ್ನೂ, ಪ್ಲಾಸ್ಟಿಕ್ ಎಸೆಯದಿರುವುದನ್ನೂ ಅವರಿಗೆ ಮೊದಲೇ ತಿಳಿಹೇಳಬೇಕು. ನಮ್ಮ ದೇವಾಲಯಕ್ಕೆ ಬಂದವರಿಂದ ನಾವು ಯಾವ ಮರ್ಯಾದೆಯನ್ನು ಬಯಸುತ್ತೇವೆಯೋ ಅದನ್ನೇ ನಾವು ಅಲ್ಲಿ ಸಲ್ಲಿಸಬೇಕು.

ನಾಳೆ ನಮ್ಮ ಮಕ್ಕಳು ಓದಿಗೋ ಉದ್ಯೋಗಕ್ಕೋ ಬೆಂಗಳೂರಿಗೆ, ಹೈದರಾಬಾದಿಗೆ, ಇನ್ನೂ ದೂರದ ದೇಶಗಳಿಗೆ ಹೋಗುವವರೇ. ‘ನಿಮ್ಮ ಕಡೆ ನೋಡುವಂಥದ್ದೇನಿದೆ?’ ಎಂದು ಅಲ್ಲಿ ಯಾರಾದರೂ ಅವರನ್ನು ಕೇಳಿಯೇ ಕೇಳುತ್ತಾರೆ. ಆಗ ಅವರು ತಲೆಯೆತ್ತಿ, ಮುನ್ನೂರು ಮಹಾಜನರು ಅನ್ಯಮತದವರಿಗೆ ಬಸದಿ ಕಟ್ಟಿಸಿದ ಸೇಡಂ ನಮ್ಮದು, ಗ್ರಂಥಪಾಲಕರನ್ನು ನೇಮಿಸಿದ ನಾಗಾವಿ ನಮ್ಮದು, ಕನ್ನಡದ ಮೊದಲ ಗ್ರಂಥ ಹುಟ್ಟಿದ ಮಳಖೇಡ ನಮ್ಮದು ಎಂದು ಹೇಳುವಂತಾಗಲಿ. ಆ ‘ನಮ್ಮದು’ ಎಂಬ ಮಾತನ್ನು ಅವರ ಬಾಯಿಗೆ ಕೊಡುವ ಹೊಣೆ ತಂದೆತಾಯಿಗಳಾದ ನಮ್ಮ ಮೇಲಿದೆ.