ರೈಲುಗಾಡಿಯ ಕೊಂಡಿಯೂ ಪ್ರಯಾಣಿಕರ ಪ್ರಾಣವೂ

ರೈಲಿನಲ್ಲಿ ಪ್ರಯಾಣ ಮಾಡುವವರು ಗಾಡಿಯು ಹೊತ್ತಿಗೆ ಬಂದಿತೇ, ಕುಳಿತುಕೊಳ್ಳಲು ಸ್ಥಳ ದೊರೆಯಿತೇ ಎಂದು ವಿಚಾರಿಸುವರೇ ಹೊರತು, ಒಂದು ಡಬ್ಬಿಯನ್ನು ಮತ್ತೊಂದಕ್ಕೆ ಬಿಗಿದಿರುವ ಕೊಂಡಿಯು ಎಂತಹುದೆಂದು ಯಾರೂ ವಿಚಾರಿಸುವುದಿಲ್ಲ. ಅದು ಸಹಜವೇ ಸರಿ. ಆದರೆ ಅಪಾಯಕಾಲದಲ್ಲಿ ಅವರ ಪ್ರಾಣವು ಬಹುಮಟ್ಟಿಗೆ ಈ ಕೊಂಡಿಯನ್ನೇ ಅವಲಂಬಿಸಿರುವುದು. ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ, ಹೊಸಕೋಟೆ ಈ ನಾಲ್ಕು ಸೀಮೆಗಳಿಂದ ದಿನಂಪ್ರತಿ ರೈಲನ್ನು ನೆಚ್ಚಿಕೊಂಡು ಕೂಲಿಗೂ ಓದಿಗೂ ವ್ಯಾಪಾರಕ್ಕೂ ಬೆಂಗಳೂರಿಗೆ ಬರುವ ಜನರ ಹಿತದೃಷ್ಟಿಯಿಂದ ಈ ವಿಷಯವನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಎರಡು ಅಪಘಾತಗಳನ್ನು ಹೋಲಿಸಿ ನೋಡೋಣ. ೨೦೧೨ನೆಯ ಇಸವಿ ಮೇ ೨೨ರ ಬೆಳಗಿನ ಜಾವ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ಸು, ಹಿಂದೂಪುರ ದೊಡ್ಡಬಳ್ಳಾಪುರಗಳನ್ನು ಮುಟ್ಟುವುದಕ್ಕೆ ಮೊದಲೇ, ಪೆನುಕೊಂಡ ಸ್ಟೇಷನ್ನಿನಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಡಿಕ್ಕಿ ಹೊಡೆಯಿತು. ಮುಂದಿನ ಡಬ್ಬಿಯು ನುಚ್ಚುನೂರಾಗಿ ಬೆಂಕಿ ಹತ್ತಿ, ಸುಮಾರು ೨೫ ಮಂದಿ ಅಸುನೀಗಿದರು. ೨೦೨೪ನೆಯ ಅಕ್ಟೋಬರ್ ೧೧ರ ರಾತ್ರಿ, ಮೈಸೂರಿನಿಂದ ದರ್ಭಂಗಕ್ಕೆ ಹೊರಟಿದ್ದ ಭಾಗಮತಿ ಎಕ್ಸ್‌ಪ್ರೆಸ್ಸು ಚೆನ್ನೈ ಸಮೀಪದ ಕವರೈಪೇಟೈಯಲ್ಲಿ ಪಕ್ಕದ ಹಳಿಗೆ ಹೊರಳಿ, ಅಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಬಡಿಯಿತು. ಹತ್ತಕ್ಕೆ ಮೇಲ್ಪಟ್ಟು ಡಬ್ಬಿಗಳು ಹಳಿ ತಪ್ಪಿದವು, ಅನೇಕರು ಗಾಯಗೊಂಡರು, ಆದರೆ ಒಬ್ಬರೂ ಸಾಯಲಿಲ್ಲ. ಎರಡು ಸಂದರ್ಭಗಳೂ ಎಲ್ಲ ವಿಧದಲ್ಲಿ ಸಮಾನವೆಂದು ನಾವು ಹೇಳುವುದಿಲ್ಲ. ಆದರೂ ಮೊದಲನೆಯದು ತಿರುಪು ಕೊಂಡಿಯ ಹಳೆಯ ಮಾದರಿಯ ಗಾಡಿ, ಎರಡನೆಯದು ನಡುಕೊಂಡಿಯುಳ್ಳ ಎಲ್.ಎಚ್.ಬಿ. ಮಾದರಿಯ ಗಾಡಿ ಎಂಬ ಭೇದವು ಗಮನಿಸತಕ್ಕದ್ದಾಗಿದೆ.

ತಿರುಪು ಕೊಂಡಿಯೆಂದರೆ ಕಬ್ಬಿಣದ ಬಳೆಗಳ ನಡುವೆ ತಿರುಪುಮೊಳೆಯನ್ನಿಟ್ಟು ಬಿಗಿಯುವ ಸರಪಳಿ; ಅದರ ಎರಡು ಪಕ್ಕಗಳಲ್ಲಿ ಬಫರುಗಳು. ಇದನ್ನು ಬಿಗಿಯಲು ಆಳು ಎರಡು ಡಬ್ಬಿಗಳ ಸಂದಿನಲ್ಲಿ ನುಸುಳಬೇಕು. ಡಿಕ್ಕಿಯಾದಾಗ ಬಫರುಗಳು ಒಂದರ ಮೇಲೊಂದು ಜಾರಿ, ಒಂದು ಡಬ್ಬಿಯು ಇನ್ನೊಂದರ ಮೇಲೇರುವುದು, ಇಲ್ಲವೆ ಒಳಹೊಕ್ಕು ಸೀಳುವುದು. ನಡುಕೊಂಡಿಯಾದರೋ ಎರಡು ಕೈಗಳ ಬೆರಳುಗಳನ್ನು ಮಡಿಸಿ ಒಂದರೊಳಗೊಂದು ಸಿಕ್ಕಿಸಿದಂತೆ ತಾನಾಗಿಯೇ ಬಿಗಿದುಕೊಳ್ಳುವುದು. ಎಳೆತವನ್ನೂ ತಳ್ಳುವಿಕೆಯನ್ನೂ ತಾನೇ ಹೊರುವುದು. ಮೇಲಕ್ಕೆ ಕೆಳಕ್ಕೆ ಜಾರಿ ಬಿಡಿಸಿಕೊಳ್ಳದಂತೆ ತಡೆಯುವುದು. ಇದರ ಮೂಲ ಉಪಾಯವನ್ನು ಅಮೆರಿಕದ ಈಲೈ ಜಾನಿ ಎಂಬಾತನು ೧೮೭೩ರಲ್ಲಿಯೇ ಪೇಟೆಂಟು ಮಾಡಿಸಿದನು.

ಹಾಗಾದರೆ ನಡುಕೊಂಡಿಗೆ ಕಷ್ಟವೇ ಇಲ್ಲವೇ ಎಂದು ಕೇಳಬಹುದು. ಉಂಟು, ಅದೇ ತಿರುಚು ಬಲ. ಸರಪಳಿಯು ಎತ್ತ ಬೇಕಾದರೂ ಹೊರಳಬಲ್ಲುದಾದಕಾರಣ ಅದಕ್ಕೆ ತಿರುಚಿನ ಭಯವು ಕಡಮೆ. ಬಿಗಿಯಾದ ಕೊಂಡಿಗಾದರೋ ಒಂದು ಡಬ್ಬಿಯು ಓರೆಯಾದೊಡನೆ, ಒದ್ದೆಯ ಪಂಚೆಯನ್ನು ಇಬ್ಬರು ಹಿಡಿದು ಹಿಂಡುವಂತೆ, ಹಿಂಡುವ ಬಲವು ತಗಲುವುದು. ರೈಲಿನ ಬಾಗಿನಲ್ಲಿ ಹೊರಗಣ ಕಂಬಿಯನ್ನು ಒಳಗಣದಕ್ಕಿಂತ ಎತ್ತರಿಸಿರುವರು. ಈ ಎತ್ತರವು ೭೨೦ ಮಿಲಿಮೀಟರ್ ಉದ್ದಕ್ಕೆ ಒಂದು ಮಿಲಿಮೀಟರಿಗಿಂತ ಬೇಗನೆ ಏರಬಾರದೆಂಬುದು ಸಾಮಾನ್ಯ ನಿಯಮ. ಒಂದು ಡಬ್ಬಿಯ ಉದ್ದವು ಸುಮಾರು ೨೪ ಮೀಟರ್. ಅಷ್ಟು ದೂರದಲ್ಲಿ ಕಂಬಿಯು ೩೩ ಮಿಲಿಮೀಟರ್ ಏರುವುದು. ಕಂಬಿಗಳ ನಡುವಣ ಅಂತರವು ೧೬೭೬ ಮಿಲಿಮೀಟರ್ ಇರುವುದರಿಂದ, ಮುಂದಣ ಡಬ್ಬಿಗೂ ಹಿಂದಣ ಡಬ್ಬಿಗೂ ಒಂದು ಡಿಗ್ರಿಯಷ್ಟು ಓರೆಯ ಭೇದವುಂಟಾಗುವುದು. ಮಾಕಳಿದುರ್ಗದ ಬೆಟ್ಟವನ್ನು ಬಳಸಿ ಹೋಗುವ ಪ್ರತಿಯೊಂದು ಗಾಡಿಯ ಪ್ರತಿಯೊಂದು ಕೊಂಡಿಯೂ ಬಾಗು ಬಾಗಿಗೂ ಇಂತಹ ತಿರುಚನ್ನು ಸಹಿಸಬೇಕು. ಒಂದು ಡಿಗ್ರಿಯೆಂದರೆ ಅಲ್ಪವೇ. ಕೊಂಡಿಯಲ್ಲಿ ಬಿಟ್ಟಿರುವ ಎಡೆಯೂ ಅದನ್ನು ಹೊತ್ತಿರುವ ಸ್ಪ್ರಿಂಗೂ ಅದನ್ನು ನುಂಗಿಕೊಳ್ಳುವುವು. ಆದರೆ ಹಳಿಯು ಕುಸಿದು ಓರೆಯು ಇಮ್ಮಡಿಯಾದಲ್ಲಿ, ಅಥವಾ ಸ್ಪ್ರಿಂಗು ಸವೆದಲ್ಲಿ, ಆ ಬಲವು ನೇರವಾಗಿ ಉಕ್ಕಿನ ಮೇಲೆ ಬೀಳುವುದು. ಲಕ್ಷಾಂತರ ಸಲ ಹೀಗಾದರೆ ಎಂತಹ ಉಕ್ಕಿನಲ್ಲಿಯೂ ಬಿರುಕು ಕಾಣಿಸಿಕೊಳ್ಳದಿರದು.

ಕೊಂಡಿಯು ಸರಾಗವಾಗಿ ಸುತ್ತುವಂತೆ ಮಾಡಿಬಿಟ್ಟರೆ ತಿರುಚೇ ಇಲ್ಲದಂತಾಗುವುದಲ್ಲವೇ? ಅಮೆರಿಕದ ಕಲ್ಲಿದ್ದಲ ಗಾಡಿಗಳಲ್ಲಿ ಹಾಗೆಯೇ ಮಾಡಿರುವರು. ಕೊಂಡಿಯನ್ನು ಕಳಚದೆಯೇ ಡಬ್ಬಿಯನ್ನು ಮಗುಚಿ ಕಲ್ಲಿದ್ದಲನ್ನು ಸುರಿಯುವರು. ಆದರೆ ಜನರು ಕುಳಿತ ಗಾಡಿಗೆ ಈ ಸ್ವಾತಂತ್ರ್ಯವು ಹಿತವಲ್ಲ. ಒಂದು ಡಬ್ಬಿಯು ಮಗುಚುವಾಗ ಅಕ್ಕಪಕ್ಕದವು ಕೈಹಿಡಿದು ನಿಲ್ಲಿಸಬೇಕಾದರೆ ಕೊಂಡಿಯು ತಿರುಚಿಗೆ ಎದುರುನಿಲ್ಲಲೇಬೇಕು. ದೊಡ್ಡಬಳ್ಳಾಪುರದ ಮಗ್ಗದವರಿಗೆ ಇದನ್ನು ವಿವರಿಸಬೇಕಾದುದಿಲ್ಲ: ಹುರಿಯಿಲ್ಲದ ನೂಲು ನಿಲ್ಲದು, ಹುರಿ ಮೀರಿದ ನೂಲು ಗಂಟಾಗಿ ಹರಿಯುವುದು. ನಿತ್ಯದ ಸಣ್ಣ ತಿರುಚಿಗೆ ಎಡೆ, ಅಪಾಯದ ದೊಡ್ಡ ತಿರುಚಿಗೆ ತಡೆ, ಇವೆರಡೂ ಒಂದೇ ಕೊಂಡಿಯಲ್ಲಿ ಇರತಕ್ಕದ್ದು.

ಕೊಂಡಿಯೊಂದೇ ಸರ್ವರಕ್ಷಕವೆಂದು ಭ್ರಮಿಸಲಾಗದು. ೨೦೨೩ನೆಯ ಜೂನ್ ೨ರಂದು ಬಾಲಸೋರಿನಲ್ಲಿ ದುರಂತಕ್ಕೀಡಾದ ಕೋರಮಂಡಲ ಎಕ್ಸ್‌ಪ್ರೆಸ್ಸು ಹೊಸ ಮಾದರಿಯದೇ ಆಗಿದ್ದರೂ, ಆ ದುರಂತದಲ್ಲಿ ೨೯೦ಕ್ಕೆ ಮೇಲ್ಪಟ್ಟು ಜನರು ಮಡಿದರು. ಹೊಸ ಕೊಂಡಿಯು ಹೊರಡುವಾಗಲೂ ನಿಲ್ಲುವಾಗಲೂ ಜಗ್ಗುವುದೆಂಬ ದೂರು ಪ್ರಯಾಣಿಕರಿಂದ ಬಹಳವಾಗಿ ಬಂದು, ಅದನ್ನು ತಗ್ಗಿಸುವ ಸಲಕರಣೆಯನ್ನು ರೈಲ್ವೆಯವರು ಅಳವಡಿಸಬೇಕಾಯಿತು. ಸಿಗ್ನಲ್ಲು, ಹಳಿ, ಕೊಂಡಿ, ಈ ಮೂರೂ ಸರಿಯಾಗಿದ್ದಲ್ಲದೆ ಕ್ಷೇಮವಿಲ್ಲ.

ಆದರೆ ತಡಮಾಡುವುದಕ್ಕೆ ಇದು ನೆವವಾಗಬಾರದು. ಜಪಾನ್ ದೇಶದವರು ವರ್ಷಗಟ್ಟಲೆ ಸಿದ್ಧತೆ ಮಾಡಿಕೊಂಡು, ೧೯೨೫ನೆಯ ಜುಲೈ ತಿಂಗಳಿನ ಕೆಲವೇ ದಿನಗಳಲ್ಲಿ ದೇಶದ ಗಾಡಿಗಳ ಕೊಂಡಿಗಳನ್ನೆಲ್ಲ ಬದಲಾಯಿಸಿದರು. ನಮ್ಮಲ್ಲಿ ಜರ್ಮನಿಯಿಂದ ಹೊಸ ಮಾದರಿಯು ಬಂದು ಕಾಲು ಶತಮಾನವಾಯಿತು. ಹಳೆಯ ಮಾದರಿಯ ನಿರ್ಮಾಣವು ನಿಂತುದು ೨೦೧೮ರಲ್ಲಿ. ಡಬ್ಬಿಯ ಆಯುಸ್ಸು ೨೫ ವರ್ಷವೆಂದು ಗಣಿಸಿದಲ್ಲಿ, ಕೊನೆಯ ತಿರುಪು ಕೊಂಡಿಯು ಕಳಚುವುದಕ್ಕೆ ೨೦೪೩ನೆಯ ಇಸವಿಯವರೆಗೆ ಕಾಯಬೇಕಾದೀತು. ಅಷ್ಟು ಕಾಲ ಕಾಯುವುದು ಯುಕ್ತವೇ? ದೂರದ ಎಕ್ಸ್‌ಪ್ರೆಸ್ಸುಗಳಿಗೆ ಹೊಸತು, ಬಡವರೇರುವ ಗಾಡಿಗಳಿಗೆ ಹಳತು ಎಂಬ ಪಂಕ್ತಿಭೇದವು ಎಂದಿಗೂ ನ್ಯಾಯವೆನಿಸದು.

ಇದಲ್ಲದೆ ನಮ್ಮ ಸೀಮೆಯಲ್ಲಿ ರೈಲು ಬೆಳೆಯುತ್ತಲಿದೆ. ನೆಲಮಂಗಲದಿಂದ ಹಾಸನಕ್ಕೆ ೨೦೧೭ರಲ್ಲಿ ದಾರಿ ತೆರೆಯಿತು. ೨೦೨೦ರಲ್ಲಿ ಅದೇ ನೆಲಮಂಗಲದಿಂದ ಲಾರಿಗಳನ್ನೇ ಹೊತ್ತು ಸೊಲ್ಲಾಪುರದ ಕಡೆಗೆ ಗಾಡಿಯು ಹೊರಟಿತು. ಬೆಂಗಳೂರಿನಿಂದ ಯಲಹಂಕದ ಮೇಲೆ ದೇವನಹಳ್ಳಿಗೂ, ಇನ್ನೊಂದು ಕವಲಾಗಿ ರಾಜಾನುಕುಂಟೆಗೂ ಬರಬೇಕಾದ ಉಪನಗರ ರೈಲಿಗೆ ೨೦೨೨ನೆಯ ಜೂನ್ ತಿಂಗಳಿನಲ್ಲಿ ಶಂಕುಸ್ಥಾಪನೆಯಾಯಿತು. ಗಾಲಿಗಳನ್ನೂ ಅಚ್ಚುಗಳನ್ನೂ ಯಲಹಂಕದ ಕಾರ್ಖಾನೆಯಲ್ಲಿಯೇ ೧೯೮೪ರಿಂದ ಮಾಡುತ್ತಿರುವ ನಾಡಿಗೆ ಕೊಂಡಿಯ ವಿಷಯದಲ್ಲಿ ಔದಾಸೀನ್ಯವು ಸಲ್ಲದು.

ಆದಕಾರಣ ರೈಲ್ವೆ ಅಧಿಕಾರಿವರ್ಗದವರಿಂದ ನಾವು ಮೂರನ್ನು ಅಪೇಕ್ಷಿಸುತ್ತೇವೆ. ಈ ಭಾಗದಲ್ಲಿ ಯಾವ ಯಾವ ಗಾಡಿಯ ಹಳೆಯ ಡಬ್ಬಿಗಳು ಯಾವ ವರ್ಷದೊಳಗೆ ಬದಲಾಗುವುವೆಂಬ ಪಟ್ಟಿಯನ್ನು ಪ್ರಕಟಿಸಲಿ. ಬಾಗುಗಳಲ್ಲಿ ಹಳಿಯ ಓರೆಯನ್ನೂ, ಕೊಂಡಿಗಳ ಎತ್ತರವನ್ನೂ ಸವೆತವನ್ನೂ ಕಾಲಕಾಲಕ್ಕೆ ಅಳೆಯುವ ಕೆಲಸಗಾರರ ಸಂಖ್ಯೆಯನ್ನು ಕುಂದಿಸದಿರಲಿ. ಉಪನಗರ ರೈಲಿಗೆ ಡಬ್ಬಿಗಳನ್ನು ಕೊಳ್ಳುವಾಗ ಬಣ್ಣ ಬೆಡಗುಗಳಿಗಿಂತ ಮೊದಲು ಕೊಂಡಿಯನ್ನು ಪರೀಕ್ಷಿಸಲಿ. ಪ್ರಯಾಣಿಕನ ಕಣ್ಣಿಗೆ ಬೀಳದ ಕೆಲಸವನ್ನು ನೆಟ್ಟಗೆ ಮಾಡುವುದರಲ್ಲಿಯೇ ಸರ್ಕಾರದ ಯೋಗ್ಯತೆಯು ತಿಳಿದುಬರುವುದು.